ಡಿಸೈನರ್ ಬೇಕಾಗಿದ್ದಾರೆ: ರೆಸ್ಯೂಮೆಯಲ್ಲಿರೋ ‘ಕುಟೂರ್’ ಅನ್ನೋ ಪದವನ್ನ ಓದೋದು ಹೇಗೆ?

ಈ ವಾರದ ಸಂಚಿಕೆ ಬಟ್ಟೆ ಬಗ್ಗೆ, ದುಡ್ಡಿನ ಬಗ್ಗೆ, ಮತ್ತೆ ಕೈ ಕೆಲಸದ ಬಗ್ಗೆ. ಕೇಳೋಕೆ ಪುರುಸೊತ್ತಿಲ್ಲದೆ ಓದ್ತಾ ಇರೋರಿಗೆ ಇದು ಅದರ ಲಿಖಿತ ರೂಪ.

ವಿಷಯ ಇಷ್ಟು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಯಾವ ಊರಿಗೆ ಹೋದ್ರೂ ಈಗ ಬೊಟಿಕ್‌ಗಳಿವೆ. ಬಹುತೇಕ ಎಲ್ಲರದ್ದೂ ಒಂದೇ ದಾರಿ. ಮನೆಯ ಒಂದು ರೂಮಲ್ಲಿ ಎರಡು ಮೆಷಿನ್, ಒಬ್ಬ ಟೈಲರ್ ಮಾಸ್ಟರ್ ಇಟ್ಕೊಂಡು ಶುರು. ಬ್ಲೌಸ್, ಲೆಹಂಗಾ, ಮದುವೆ ಆರ್ಡರ್ ಬರೋಕೆ ಶುರುವಾದ ಮೇಲೆ “ಇನ್ನು ಒಬ್ಬರು ಡಿಸೈನರ್ ಇಟ್ಕೊಳ್ಳೋಣ” ಅನ್ನೋ ಯೋಚನೆ. ಜಾಹೀರಾತು ಹಾಕಿದ್ರೆ ರೆಸ್ಯೂಮೆಗಳ ರಾಶಿ. ಆ ರಾಶಿಯಲ್ಲಿ ಪದೇ ಪದೇ ಕಣ್ಣಿಗೆ ಬೀಳೋ ಪದ ಒಂದೇ: ಕುಟೂರ್. ಕುಟೂರ್ ಡಿಸೈನರ್, ಬ್ರೈಡಲ್ ಕುಟೂರ್, ಕುಟೂರ್ ಕಲೆಕ್ಷನ್.

ಚಿಕ್ಕ ಬೊಟಿಕ್‌ಗೆ ಬಾಡಿಗೆ ಬಿಟ್ರೆ ಡಿಸೈನರ್ ಸಂಬಳನೇ ದೊಡ್ಡ ಖರ್ಚು. ಆರು ತಿಂಗಳಾದ ಮೇಲೆ “ಇವರಿಗೆ ಚಿತ್ರ ಬರೆಯೋಕೆ ಬರುತ್ತೆ, ಬಟ್ಟೆ ಕತ್ತರಿಸೋಕೆ ಬರಲ್ಲ” ಅಂತ ಗೊತ್ತಾದ್ರೆ, ಹೋಗೋದು ಸಂಬಳ ಮಾತ್ರ ಅಲ್ಲ. ಹಾಳಾದ ರೇಷ್ಮೆ, ತಪ್ಪಿದ ಮುಹೂರ್ತದ ಆರ್ಡರ್, ಬೇಜಾರಾಗಿ ಬಿಟ್ಟು ಹೋದ ಮಾಸ್ಟರ್, ಎಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ವಿಷಯವನ್ನ ನಾನು ನೋಡೋದು ಲೆಕ್ಕದ ಪುಸ್ತಕದ ಕಡೆಯಿಂದ.

ಪದದ ಹಿಂದೆ ಕಾನೂನಿದೆ

ಮೊದಲು ಪದ. ಬರವಣಿಗೆ ನೋಡಿ ನಾವು ‘ಹಾಟ್ ಕೌಚರ್’ ಅಂತೀವಿ, ಫ್ರೆಂಚರ ಬಾಯಲ್ಲಿ ಅದು ‘ಓಟ್ ಕುಟೂರ್’ಗೆ ಹತ್ತಿರ. ಕುಟೂರ್ ಅಂದ್ರೆ ಹೊಲಿಗೆ, ಓಟ್ ಅಂದ್ರೆ ಎತ್ತರದ್ದು. ಉನ್ನತ ಮಟ್ಟದ ಹೊಲಿಗೆ, ಅಷ್ಟೇ. ಗಮನಿಸಿ, ಆ ಹೆಸರಲ್ಲಿ ‘ಡಿಸೈನ್’ ಅನ್ನೋ ಪದ ಇಲ್ಲ. ಇರೋದು ಹೊಲಿಗೆ.

ಇದರ ಕತೆ ಶುರುವಾಗೋದು ಪ್ಯಾರಿಸ್‌ನಲ್ಲಿ, ಅದೂ ಒಬ್ಬ ಇಂಗ್ಲಿಷರವನಿಂದ. ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರಲ್ಲಿ ಅಲ್ಲಿ ತನ್ನದೇ ಮಳಿಗೆ ತೆರೆದ. ಅದಕ್ಕೂ ಮೊದಲು ಗಿರಾಕಿ ಹೇಳಿದ್ದನ್ನ ಹೊಲಿಯೋದು ದರ್ಜಿಯ ಕೆಲಸ. ವರ್ತ್ ತಾನೇ ಮಾದರಿಗಳನ್ನ ತಯಾರಿಸಿ, ಜೀವಂತ ಮಾಡೆಲ್‌ಗಳ ಮೇಲೆ ತೋರಿಸಿ, ಆಮೇಲೆ ಪ್ರತಿಯೊಬ್ಬ ಗಿರಾಕಿಯ ಮೈ ಅಳತೆಗೆ ಹೊಲಿದು ಕೊಡೋ ಪದ್ಧತಿ ಬೆಳೆಸಿದ. 1868ರಲ್ಲಿ ಈ ವೃತ್ತಿಯವರ ಸಂಘ ಹುಟ್ಟಿತು. 1945ರಲ್ಲಿ ‘ಓಟ್ ಕುಟೂರ್’ ಅನ್ನೋ ಹೆಸರಿಗೇ ಫ್ರಾನ್ಸ್‌ನಲ್ಲಿ ಕಾನೂನಿನ ರಕ್ಷಣೆ ಸಿಕ್ತು. ಅಲ್ಲಿ ಆ ಹೆಸರನ್ನ ಯಾರು ಬಳಸಬಹುದು ಅಂತ ಸರ್ಕಾರದ ಕೈಗಾರಿಕಾ ಖಾತೆಯ ಕೆಳಗಿರೋ ಒಂದು ಸಮಿತಿ ಪಟ್ಟಿ ಮಾಡುತ್ತೆ.

ಷರತ್ತುಗಳೇನು? ಬಟ್ಟೆಯನ್ನ ಖಾಸಗಿ ಗಿರಾಕಿಯ ಅಳತೆಗೆ, ಟ್ರಯಲ್ ಮಾಡಿ ಹೊಲಿದಿರಬೇಕು. ಪ್ಯಾರಿಸ್‌ನಲ್ಲಿ ಸ್ವಂತ ಕಾರ್ಯಾಗಾರ ಇರಬೇಕು, ಅದರಲ್ಲಿ ಪೂರ್ಣಾವಧಿ ಕುಶಲಕರ್ಮಿಗಳು ಕನಿಷ್ಠ 20 ಜನ ಇರಬೇಕು. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಹಗಲಿಗೂ ಸಂಜೆಗೂ ಆಗುವ ಉಡುಪುಗಳ ಹೊಸ ಸಂಗ್ರಹ ತೋರಿಸಬೇಕು.

ಈ ಷರತ್ತುಗಳಲ್ಲಿ ಚಿತ್ರ ಎಷ್ಟು ಚೆನ್ನಾಗಿರಬೇಕು ಅಂತಾಗಲಿ, ಎಷ್ಟು ಮಣಿ ಇರಬೇಕು ಅಂತಾಗಲಿ ಇಲ್ಲ. ಇರೋದು ಮೂರು ಮಾತು: ಒಂದು ನಿರ್ದಿಷ್ಟ ದೇಹ, ಟ್ರಯಲ್, ಮತ್ತು ಕೆಲಸ ಮಾಡೋ ಕೈಗಳು. ನಮ್ಮಲ್ಲಿ ‘ಕುಟೂರ್’ ಅಂತ ಬೋರ್ಡ್ ಹಾಕೋಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಹಾಗಾಗಿ ಆ ಪದ ರೆಸ್ಯೂಮೆಯಲ್ಲಿ ಕಂಡಾಗ ಅದಕ್ಕೆ ಬೆಲೆ ಕಟ್ಟೋ ಕೆಲಸ ನಿಮ್ಮದೇ.

ಒಳಗಡೆ ಯಾರು ಏನು ಮಾಡ್ತಾರೆ

ಪ್ಯಾರಿಸ್‌ನ ದೊಡ್ಡ ಮಳಿಗೆಗಳ ಕಾರ್ಯಾಗಾರದಲ್ಲಿ ಸಾಮಾನ್ಯವಾಗಿ ಎರಡು ವಿಭಾಗ. ಒಂದನ್ನ ‘ಫ್ಲೂ’ ಅಂತಾರೆ. ಇಳಿಬೀಳೋ ಬಟ್ಟೆ, ಶಿಫಾನ್, ರೇಷ್ಮೆಯ ಗೌನ್, ನೆರಿಗೆ, ಇದೆಲ್ಲ ಅವರ ಕೆಲಸ. ಇನ್ನೊಂದು ‘ತಾಯರ್’. ಕೋಟು, ಜಾಕೆಟ್, ಆಕಾರ ನಿಲ್ಲಬೇಕಾದ ಬಟ್ಟೆ ಅವರದ್ದು. ಪ್ರತಿ ವಿಭಾಗಕ್ಕೂ ಒಬ್ಬರು ಮುಖ್ಯಸ್ಥರು, ನಮ್ಮ ಲೆಕ್ಕದಲ್ಲಿ ಹೆಡ್ ಮಾಸ್ಟರ್ ಅನ್ನಿ. ಅವರ ಕೆಳಗೆ ಹೊಲಿಯೋರು. ಅವರನ್ನ ಫ್ರೆಂಚ್‌ನಲ್ಲಿ ‘ಪುಟ್ಟ ಕೈಗಳು’ ಅಂತಲೇ ಕರೀತಾರೆ.

ಡಿಸೈನರ್ ಚಿತ್ರ ಕೊಟ್ಟ ಮೇಲೆ ನೇರವಾಗಿ ರೇಷ್ಮೆಗೆ ಕತ್ತರಿ ಹಾಕೋದಿಲ್ಲ. ಮೊದಲು ಬಿಳಿ ಕಾಟನ್ ಬಟ್ಟೆಯಲ್ಲಿ, ನಮ್ಮ ಕೋರಾ ಬಟ್ಟೆ ಥರದ್ದರಲ್ಲಿ, ಇಡೀ ಉಡುಪಿನ ಒಂದು ಕಚ್ಚಾ ಮಾದರಿ ಮಾಡ್ತಾರೆ. ಅದಕ್ಕೆ ‘ತ್ವಾಲ್’ ಅಂತ ಹೆಸರು. ಡಮ್ಮಿ ಮೇಲೆ ಬಟ್ಟೆ ಹೊದಿಸಿ, ಪಿನ್ ಚುಚ್ಚಿ, ಗೆರೆ ಎಳೆದು, ಬಿಚ್ಚಿ, ಮತ್ತೆ ಜೋಡಿಸಿ ನೋಡ್ತಾರೆ. ಚಿತ್ರ ನಿಜವಾದ ಬಟ್ಟೆ ಆಗೋದು ಇಲ್ಲೇ. ಕಾಗದದ ಮೇಲೆ ಸೊಂಟ ಎಷ್ಟು ಸಣ್ಣ ಬೇಕಾದ್ರೂ ಬರೆಯಬಹುದು, ಆದ್ರೆ ತ್ವಾಲ್ ಹಾಕಿಕೊಂಡೋರು ಉಸಿರಾಡಬೇಕು, ಕೂರಬೇಕು, ಕೈ ಎತ್ತಬೇಕು. ನಿಯಮಿತ ಗಿರಾಕಿಗಳಿಗಂತೂ ಅವರ ಮೈಯಳತೆಗೆ ತಕ್ಕ ಹಾಗೆ ಹತ್ತಿ ತುಂಬಿಸಿ ಬೇರೆ ಡಮ್ಮಿಯನ್ನೇ ಮಾಡಿಟ್ಕೊಳ್ಳೋ ರೂಢಿ ಇದೆ.

ಅಂದ್ರೆ ಕುಟೂರ್ ಅನ್ನೋದು ಒಬ್ಬರ ಪ್ರತಿಭೆ ಅಲ್ಲ. ಒಂದು ಕಲ್ಪನೆಯಿಂದ ಹತ್ತಾರು ಕೈಗಳವರೆಗೆ ಸಾಗೋ ಸರಪಳಿ. ನೇಮಕಾತಿ ಮಾಡೋರು ಕೇಳಬೇಕಾದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತೆ: ಈ ಸರಪಳಿಯಲ್ಲಿ ನನ್ನ ಹತ್ರ ಯಾವ ಕೊಂಡಿ ಇದೆ, ಯಾವುದು ಇಲ್ಲ?

ಎರಡು ದೊಡ್ಡ ನೇಮಕಾತಿಗಳು

ಇದನ್ನ ಅರ್ಥ ಮಾಡ್ಕೊಳ್ಳೋಕೆ ಪ್ಯಾರಿಸ್‌ನ ಎರಡು ನೇಮಕಾತಿಗಳನ್ನ ನೋಡೋಣ.

ಒಂದು, 1996. ಜಿವಾನ್ಶಿ ಮಳಿಗೆ ಅಲೆಕ್ಸಾಂಡರ್ ಮೆಕ್ವೀನ್ ಅನ್ನೋ ಲಂಡನ್ ಹುಡುಗನನ್ನ ಕರೆತಂತು. ಈತ 16ನೇ ವಯಸ್ಸಿಗೇ ಶಾಲೆ ಬಿಟ್ಟು, ಗಂಡಸರ ಸೂಟ್‌ಗೆ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿ ಟೈಲರ್‌ಗಳ ಕೈಕೆಳಗೆ ಕೆಲಸ ಕಲಿತವನು. ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿನ ಸ್ನಾತಕೋತ್ತರ ಪದವಿ ಬಂದಿದ್ದು ಅದಾದ ಮೇಲೆ. ಅಂದ್ರೆ ಕತ್ತರಿ ಮೊದಲು, ಪದವಿ ಆಮೇಲೆ. ಕಟಿಂಗ್‌ನಲ್ಲಿ ಅವನ ಕೈ ಎಂಥದ್ದು ಅಂತ ಇಡೀ ಜಗತ್ತಿಗೇ ಗೊತ್ತು. ಆದ್ರೂ 1997ರ ಜನವರಿಯಲ್ಲಿ ಬಂದ ಅವನ ಮೊದಲ ಜಿವಾನ್ಶಿ ಕುಟೂರ್ ಸಂಗ್ರಹಕ್ಕೆ ವಿಮರ್ಶಕರು ಒಲಿಯಲಿಲ್ಲ. ಕೈಯಲ್ಲಿ ಕೌಶಲ ಇದ್ದ ಮಾತ್ರಕ್ಕೆ ಒಂದು ಮಳಿಗೆಯ ಜಾಯಮಾನಕ್ಕೆ ತಕ್ಷಣ ಹೊಂದಿಕೊಂಡು ಬಿಡ್ತಾರೆ ಅಂತ ಹೇಳೋಕಾಗಲ್ಲ.

ಎರಡು, 2012. ಡಿಯೋರ್ ಮಳಿಗೆ ಬೆಲ್ಜಿಯಂನ ರಾಫ್ ಸಿಮೊನ್ಸ್‌ನನ್ನ ನೇಮಿಸಿತು. ಓದಿದ್ದು ಇಂಡಸ್ಟ್ರಿಯಲ್ ಡಿಸೈನ್. ಹೆಸರು ಮಾಡಿದ್ದು ಗಂಡಸರ ರೆಡಿಮೇಡ್ ಉಡುಪಿನಲ್ಲಿ, ಆಮೇಲೆ ಜಿಲ್ ಸ್ಯಾಂಡರ್ ಬ್ರ್ಯಾಂಡ್‌ನಲ್ಲಿ. ಕುಟೂರ್ ಅನುಭವ ಸೊನ್ನೆ. ಮೊದಲ ಸಂಗ್ರಹಕ್ಕೆ ಸಿಕ್ಕ ಸಮಯ ಸುಮಾರು ಎಂಟು ವಾರ. 2014ರ ‘ಡಿಯೋರ್ ಅಂಡ್ ಐ’ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ದಾಖಲಾಗಿದೆ. ಸಿಮೊನ್ಸ್ ಸ್ಕೆಚ್ ಬರೆಯೋ ಪೈಕಿ ಅಲ್ಲ. ಚಿತ್ರ, ಫೋಟೋ, ಉಲ್ಲೇಖಗಳ ಫೈಲ್ ಕೊಡ್ತಾನೆ. ಅದನ್ನ ನೋಡಿ ಕಾರ್ಯಾಗಾರದವರು ರೂಪ ಕೊಡ್ತಾರೆ. ನಡುವೆ ಒಂದು ದಿನ ಕಾರ್ಯಾಗಾರದ ಮುಖ್ಯಸ್ಥೆ ಒಬ್ಬ ಗಿರಾಕಿಯ ಫಿಟಿಂಗ್‌ಗೆ ನ್ಯೂಯಾರ್ಕ್‌ಗೆ ಹೋಗಿಬಿಟ್ಟಿರ್ತಾರೆ. ಶೋ ತಲೆ ಮೇಲಿದೆ, ಡಿಸೈನರ್‌ಗೆ ಕೋಪ. ಆದ್ರೆ ಮಳಿಗೆಯ ಲೆಕ್ಕದಲ್ಲಿ ಗಿರಾಕಿಯ ಫಿಟಿಂಗ್ ಮೊದಲು. ಕುಟೂರ್ ವ್ಯಾಪಾರ ಏನು ಅಂತ ಇಷ್ಟು ಚೆನ್ನಾಗಿ ಹೇಳೋ ದೃಶ್ಯ ಇನ್ನೊಂದಿಲ್ಲ.

ಆ ಸಂಗ್ರಹ ಗೆದ್ದಿತು. ಈಗ ಯೋಚನೆ ಮಾಡಿ. ಸ್ಕೆಚ್ ಹಾಕದ, ಕುಟೂರ್ ಮಾಡಿಯೇ ಇರದ ಡಿಸೈನರ್‌ನನ್ನ ಡಿಯೋರ್ ಯಾವ ಧೈರ್ಯದ ಮೇಲೆ ತಗೊಂಡಿತು? ಮೇಲಿನ ಮಹಡಿಯಲ್ಲಿ ದಶಕಗಳ ಅನುಭವದ ಕೈಗಳು ಕೂತಿದ್ವು, ಆ ಧೈರ್ಯದ ಮೇಲೆ. ಅವರಿಗೆ ಬೇಕಾಗಿದ್ದು ಹೊಸ ಕಣ್ಣು. ಕೈ ಆಗಲೇ ಇತ್ತು.

ನಿಮ್ಮ ಬೊಟಿಕ್‌ನಲ್ಲಿ? ಹದಿನೈದು ವರ್ಷದ ಅನುಭವದ ಕಟಿಂಗ್ ಮಾಸ್ಟರ್ ಇದ್ದರೆ, ಚಿತ್ರ ಮತ್ತು ಬಣ್ಣದ ಜ್ಞಾನ ಚೆನ್ನಾಗಿರೋ, ಮಾಸ್ಟರ್ ಮಾತಿಗೆ ಕಿವಿಗೊಡೋ ಡಿಸೈನರ್ ಸಾಕು. ಮಾಸ್ಟರ್ ಅಷ್ಟು ಪಳಗಿಲ್ಲ, ಕೊಟ್ಟ ಅಳತೆ ಬ್ಲೌಸ್ ನೋಡಿ ಹೊಲಿಯೋದಷ್ಟೇ ಬರೋದು ಅನ್ನೋದಾದ್ರೆ, ಡಮ್ಮಿ ಮೇಲೆ ತಾನೇ ಬಟ್ಟೆ ಕೂರಿಸಬಲ್ಲ ಡಿಸೈನರ್ ಬೇಕು. ಎರಡೂ ಒಳ್ಳೆ ನೇಮಕಾತಿಗಳೇ. ಅದಲು ಬದಲಾದ್ರೆ ಮಾತ್ರ ಎರಡೂ ನಷ್ಟ.

ಮಣಿ ಜಾಸ್ತಿ ಇದ್ದರೆ ಕುಟೂರ್ ಅಲ್ಲ

ನಮ್ಮಲ್ಲಿ ಕುಟೂರ್ ಅಂದ ತಕ್ಷಣ ಮೈತುಂಬ ವರ್ಕ್ ಇರೋ ಲೆಹಂಗಾ ಕಣ್ಮುಂದೆ ಬರುತ್ತೆ. ಆದ್ರೆ ವರ್ಕ್ ಬೇರೆ, ಕಟ್ ಬೇರೆ. ಪ್ಯಾರಿಸ್‌ನಲ್ಲೂ ಕಸೂತಿಗೆ ಬೇರೆಯೇ ಮನೆಗಳಿವೆ. ಲೆಸಾಜ್ ಅಂಥದ್ದೊಂದು ಹೆಸರಾಂತ ಕಸೂತಿ ಮನೆ. 2002ರಲ್ಲಿ ಶನೆಲ್ ಅದನ್ನ ಕೊಂಡುಕೊಂಡಿತು. ಅಲ್ಲಿ ಬಳಸೋ ಲೂನೆವಿಲ್ ಕೊಕ್ಕೆ ನಮ್ಮ ಆರಿ ಸೂಜಿಯ ನೆಂಟ. ಎರಡರಲ್ಲೂ ಬಿಗಿದ ಬಟ್ಟೆಯ ಕೆಳಗಿನಿಂದ ದಾರವನ್ನ ಕೊಕ್ಕೆಯಲ್ಲಿ ಮೇಲೆಳೆದು ಸರಪಳಿ ಹೊಲಿಗೆ ಹಾಕ್ತಾರೆ. ಮಣಿ ಕೂರಿಸೋವಾಗ ಲೂನೆವಿಲ್‌ನವರು ಸಾಮಾನ್ಯವಾಗಿ ಬಟ್ಟೆಯ ಹಿಂಬದಿಯನ್ನ ಮೇಲೆ ಮಾಡಿಕೊಂಡು ಕೆಲಸ ಮಾಡ್ತಾರೆ, ನಮ್ಮ ಆರಿ ಕೆಲಸದವರು ಮುಂಬದಿಯಲ್ಲೇ ಕೂರಿಸ್ತಾರೆ. ನಿಮ್ಮ ಬೀದಿಯಲ್ಲೇ ಬ್ಲೌಸ್‌ಗೆ ಆರಿ ವರ್ಕ್ ಹಾಕೋ ಅಕ್ಕನ ಕೈಯಲ್ಲಿರೋದು ಪ್ಯಾರಿಸ್ ಕೌಶಲದ ಸೋದರ ಕೌಶಲವೇ.

ಸಂಬಂಧ ಇಷ್ಟಕ್ಕೇ ನಿಲ್ಲಲ್ಲ. ಯುರೋಪಿನ ದೊಡ್ಡ ಬ್ರ್ಯಾಂಡ್‌ಗಳಿಗೆ ಭಾರತದ ಕಾರ್ಯಾಗಾರಗಳು ದಶಕಗಳಿಂದ ಕಸೂತಿ ಮಾಡಿ ಕಳಿಸ್ತಿವೆ. ಬಹಳ ಕಾಲ ಆ ಕೈಗಳ ಹೆಸರು ಎಲ್ಲೂ ಬರಲಿಲ್ಲ. 2023ರ ಮಾರ್ಚ್ 30ರಂದು ಡಿಯೋರ್ ತನ್ನ ಶೋವನ್ನ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಡೆಸಿ, ತನಗೆ ಕಸೂತಿ ಮಾಡಿಕೊಡೋ ಮುಂಬೈನ ಚಾಣಕ್ಯ ಕಾರ್ಯಾಗಾರವನ್ನ ಮುಂದೆ ತಂದಾಗ ಅದು ಸುದ್ದಿಯಾಯ್ತು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ರಾಹುಲ್ ಮಿಶ್ರಾ ಪ್ಯಾರಿಸ್ ಓಟ್ ಕುಟೂರ್ ವಾರದಲ್ಲಿ ಸಂಗ್ರಹ ತೋರಿಸಿದ ಮೊದಲ ಭಾರತೀಯ ಡಿಸೈನರ್ ಆದರು. ಅವರ ಬಟ್ಟೆಗಳ ಜೀವಾಳ ಕೈ ಕಸೂತಿಯೇ.

ನಮ್ಮ ಧಾರವಾಡ ಕಡೆಯ ಕಸೂತಿಯನ್ನೇ ತಗೊಳ್ಳಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಅಂತ ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕಬೇಕು, ಗಂಟು ಕಾಣಬಾರದು. ಗವಂತಿ ಎರಡೂ ಕಡೆ ಒಂದೇ ಥರ ಕಾಣುತ್ತೆ. ಇದನ್ನ ಬಳಸ್ತೀನಿ ಅನ್ನೋ ಡಿಸೈನರ್‌ಗೆ ಯಾವ ಬಟ್ಟೆಯಲ್ಲಿ ಎಳೆ ಎಣಿಸೋಕಾಗುತ್ತೆ, ಯಾವುದರಲ್ಲಿ ಆಗಲ್ಲ ಅಂತ ಗೊತ್ತಿರಬೇಕು. ಜಾರ್ಜೆಟ್ ಮೇಲೆ ಕಸೂತಿ ಹಾಕಿ ಅಂತ ಸುಮ್ಮನೆ ಹೇಳಿದ್ರೆ, ಅವರು ಕಸೂತಿ ಹಾಕೋರ ಪಕ್ಕ ಒಂದು ದಿನವೂ ಕೂತಿಲ್ಲ ಅಂತ ಅರ್ಥ.

ಇಂಟರ್‌ವ್ಯೂನಲ್ಲಿ ಏನು ನೋಡೋದು?

ಈಗ ಕೆಲಸದ ಮಾತು. ಐದು ವಿಷಯ ಹೇಳ್ತೀನಿ.

ಒಂದು: ಫೋಟೋ ಬೇಡ, ಬಟ್ಟೆ ತರೋಕೆ ಹೇಳಿ. ತಂದ ಬಟ್ಟೆಯನ್ನ ಒಳಮಗ್ಗುಲು ತಿರುಗಿಸಿ. ಹೊಲಿಗೆಯ ಅಂಚು ಹೇಗೆ ಮುಗಿಸಿದ್ದಾರೆ? ಲೈನಿಂಗ್ ಎಳೀತಾ ಇದೆಯಾ? ಮುಂದೆ ಸಡಿಲ ಮಾಡೋಕೆ ಮಾರ್ಜಿನ್ ಬಿಟ್ಟಿದ್ದಾರಾ? ಚೌಕಳಿ ಅಥವಾ ಬಾರ್ಡರ್ ಇದ್ದರೆ ಜೋಡಣೆಯಲ್ಲಿ ಗೆರೆ ಕೂಡಿದೆಯಾ? ಹೊರಗಿನ ಅಂದಕ್ಕೆ ಫೋಟೋಗ್ರಾಫರ್ ಸಹಾಯ ಮಾಡಿರಬಹುದು, ಒಳಗಡೆಗೆ ಯಾರೂ ಮಾಡಲ್ಲ.

ಎರಡು: “ಇದರಲ್ಲಿ ನಿಮ್ಮ ಕೈ ಎಲ್ಲಿದೆ?” ಅಂತ ಕೇಳಿ. ಸ್ಕೆಚ್ ನಿಮ್ಮದಾ, ಪ್ಯಾಟರ್ನ್ ನಿಮ್ಮದಾ, ಕಟಿಂಗ್ ಯಾರು ಮಾಡಿದ್ರು, ವರ್ಕ್ ಯಾರು ಹಾಕಿದ್ರು? “ಪ್ಯಾಟರ್ನ್ ನಮ್ಮ ಮಾಸ್ಟರ್ ಮಾಡಿದ್ದು, ತೋಳು ಎರಡು ಸಲ ಬಿಚ್ಚಬೇಕಾಯ್ತು, ಯಾಕಂದ್ರೆ…” ಅಂತ ವಿವರಿಸೋರು ಕೆಲಸದ ಜಾಗದಲ್ಲಿ ನಿಂತು ನೋಡಿದೋರು. “ಎಲ್ಲಾ ನಾನೇ” ಅನ್ನೋ ಉತ್ತರ ಬಂದ್ರೆ ಇನ್ನೆರಡು ಪ್ರಶ್ನೆ ಕೇಳಿ.

ಮೂರು: ಬಟ್ಟೆ ಕೈಗೆ ಕೊಡಿ. ಮೈಸೂರು ರೇಷ್ಮೆಯ ಕ್ರೇಪ್ ಒಂದು ತುಂಡು, ಆರ್ಗಂಜಾ ಒಂದು ತುಂಡು. ಯಾವುದು ನೆರಿಗೆಗೆ ಆಗುತ್ತೆ, ಯಾವುದು ಎದ್ದು ನಿಲ್ಲುತ್ತೆ, ಕ್ರಾಸ್‌ನಲ್ಲಿ ಕತ್ತರಿಸಿದ್ರೆ ಎಷ್ಟು ಇಳಿಯುತ್ತೆ, ಬಟ್ಟೆ ಎಷ್ಟು ಜಾಸ್ತಿ ಬೇಕು ಅಂತ ಕೇಳಿ. ಬಟ್ಟೆಯನ್ನ ಕ್ರಾಸ್‌ನಲ್ಲಿ ಕತ್ತರಿಸೋ ಕಲೆಗೆ ಪ್ಯಾರಿಸ್‌ನಲ್ಲಿ ಹೆಸರಾದ ಮಾದ್ಲೆನ್ ವಿಯೊನೆ ಚಿಕ್ಕ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ ವಿನ್ಯಾಸ ಮಾಡ್ತಿದ್ದರು. ಬಟ್ಟೆ ಹೇಗೆ ಬೀಳುತ್ತೆ ಅಂತ ಮೊದಲು ಬಟ್ಟೆಯನ್ನೇ ಕೇಳೋ ಅಭ್ಯಾಸ ಅದು.

ನಾಲ್ಕು: ಒಂದು ಟ್ರಯಲ್ ಕೆಲಸ ಕೊಡಿ, ಆದ್ರೆ ಅದಕ್ಕೆ ದುಡ್ಡು ಕೊಡಿ. ಎರಡು ಮೀಟರ್ ಕೋರಾ ಬಟ್ಟೆ, ಪಿನ್, ಒಂದು ದಿನ ಸಮಯ. ಡಮ್ಮಿ ಬದಲು ನಿಮ್ಮ ಅಂಗಡಿಯಲ್ಲೇ ಒಪ್ಪೋರು ಯಾರಾದ್ರೂ ಇದ್ದರೆ ಅವರ ಅಳತೆಗೆ ಒಂದು ಬ್ಲೌಸ್ ಮಾಡೋಕೆ ಹೇಳಿ. ಮನುಷ್ಯರ ಮೈ ಡಮ್ಮಿ ಥರ ಇರಲ್ಲ. ಒಂದು ಭುಜ ಸ್ವಲ್ಪ ಇಳಿದಿರುತ್ತೆ, ಬೆನ್ನು ಸ್ವಲ್ಪ ಬಾಗಿರುತ್ತೆ. ಅದನ್ನ ಮೊದಲ ನೋಟಕ್ಕೇ ಗುರುತಿಸಿ, ಹಾಕಿಕೊಂಡೋರಿಗೆ ಮುಜುಗರ ಆಗದ ಹಾಗೆ ಬಟ್ಟೆಯಲ್ಲೇ ಸರಿದೂಗಿಸೋದು ನಿಜವಾದ ಕುಟೂರ್ ಕೌಶಲ. ಇನ್ನೊಂದು ಮಾತು: ಟ್ರಯಲ್ ಹೆಸರಲ್ಲಿ ಪುಕ್ಕಟೆ ಡಿಸೈನ್ ಮಾಡಿಸ್ಕೊಂಡು, ಆಮೇಲೆ “ಹೇಳಿ ಕಳಿಸ್ತೀವಿ” ಅಂದು ಅದೇ ಡಿಸೈನ್ ಮಾರೋದು ಕಳ್ಳತನ. ಕೆಲಸಕ್ಕೆ ತಗೊಳ್ಳದಿದ್ರೆ ಆ ಡಿಸೈನ್ ಅವರದ್ದೇ.

ಐದು: ಇಂಟರ್‌ವ್ಯೂಗೆ ಮಾಸ್ಟರ್‌ನ ಕೂರಿಸಿಕೊಳ್ಳಿ. ದಿನಾ ಜೊತೆಗೆ ಕೆಲಸ ಮಾಡಬೇಕಾದವರು ಅವರು. ಅಭ್ಯರ್ಥಿ ಮಾಸ್ಟರ್ ಕಡೆ ತಿರುಗಿ ಮಾತಾಡ್ತಾರಾ, ಇಲ್ಲ ನಿಮ್ಮ ಕಡೆ ಮಾತ್ರಾನಾ? “ಇದು ಹೀಗೆ ಬರಲ್ಲ ಮೇಡಂ” ಅಂತ ಮಾಸ್ಟರ್ ಹೇಳಿದಾಗ, ಯಾಕೆ ಬರಲ್ಲ ಅಂತ ಕೇಳ್ತಾರಾ, ಇಲ್ಲ ಮುಖ ಗಂಟು ಹಾಕ್ತಾರಾ? ಆ ಹತ್ತು ನಿಮಿಷ ಇಡೀ ಪೋರ್ಟ್‌ಫೋಲಿಯೊಗಿಂತ ಜಾಸ್ತಿ ಹೇಳುತ್ತೆ.

ಗಂಟೆ ಲೆಕ್ಕ

ಕುಟೂರ್‌ನಲ್ಲಿ ಬಟ್ಟೆಗಿಂತ ದುಬಾರಿ ಸಮಯ. ಸುಮ್ಮನೆ ಒಂದು ಉದಾಹರಣೆ ಲೆಕ್ಕ ಹಾಕೋಣ. ಒಂದು ಮದುವೆ ಬ್ಲೌಸ್. ಬಟ್ಟೆ ಮತ್ತು ಸಾಮಗ್ರಿ 3,000 ರೂಪಾಯಿ. ಆರಿ ವರ್ಕ್ 60 ಗಂಟೆ, ಗಂಟೆಗೆ 150ರಂತೆ 9,000. ಪ್ಯಾಟರ್ನ್, ಕಟಿಂಗ್, ಎರಡು ಟ್ರಯಲ್, ಹೊಲಿಗೆ ಸೇರಿ 10 ಗಂಟೆ, ಗಂಟೆಗೆ 200ರಂತೆ 2,000. ಡಿಸೈನರ್ ಸಮಯ 8 ಗಂಟೆ, ಗಂಟೆಗೆ 400ರಂತೆ 3,200. ಒಟ್ಟು 17,200. ಬಾಡಿಗೆ, ಕರೆಂಟು ಇನ್ನೂ ಸೇರಿಸಿಲ್ಲ. ನೀವು 15,000ಕ್ಕೆ ಒಪ್ಪಿಕೊಂಡಿದ್ರೆ ಆಗಲೇ 2,200 ಕೈಬಿಟ್ಟಿದೆ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡೋದು ಏನು? ವರ್ಕ್ ಹಾಕೋರ ಗಂಟೆ ರೇಟಿಗೆ ಕತ್ತರಿ. ಒಳ್ಳೆ ಡಿಸೈನರ್ ಬೇರೆ ದಾರಿ ಹುಡುಕ್ತಾರೆ. 60 ಗಂಟೆ ವರ್ಕ್‌ನ 40 ಗಂಟೆಗೆ ಇಳಿಸಿ, ಕಣ್ಣು ಹೋಗೋ ಜಾಗದಲ್ಲಿ ಮಾತ್ರ ಇಟ್ಟು, ಉಳಿದಿದ್ದನ್ನ ಕಟ್‌ನಲ್ಲೇ ಎದ್ದು ಕಾಣೋ ಹಾಗೆ ಮಾಡ್ತಾರೆ. ಅಲ್ಲಿಗೆ 3,000 ಉಳೀತು, ಖರ್ಚು 14,200ಕ್ಕೆ ಬಂತು, ಯಾರ ಕೂಲಿಯೂ ಕಮ್ಮಿ ಆಗಲಿಲ್ಲ. ಹಾಗಾಗಿ ಇಂಟರ್‌ವ್ಯೂನಲ್ಲಿ ಒಂದು ಡಿಸೈನ್ ತೋರಿಸಿ, “ಇದಕ್ಕೆ ಎಷ್ಟು ಗಂಟೆ ಹಿಡಿಯುತ್ತೆ? ಅರ್ಧ ಬಜೆಟ್‌ನಲ್ಲಿ ಏನು ಉಳಿಸಿಕೊಳ್ತೀರಿ, ಏನು ಬಿಡ್ತೀರಿ?” ಅಂತ ಕೇಳಿ. ಉತ್ತರ ಪೂರ್ತಿ ಸರಿ ಇರಬೇಕು ಅಂತೇನಿಲ್ಲ. ಅವರು ಗಂಟೆಗಳಲ್ಲಿ ಯೋಚಿಸ್ತಾರಾ ಅನ್ನೋದು ಗೊತ್ತಾದ್ರೆ ಸಾಕು.

ಕೆಲಸ ಹುಡುಕ್ತಿರೋ ಡಿಸೈನರ್‌ಗಳಿಗೆ

ಇದನ್ನ ಓದ್ತಿರೋರಲ್ಲಿ ಈಗಷ್ಟೇ ಕೋರ್ಸ್ ಮುಗಿಸಿದ ಡಿಸೈನರ್‌ಗಳೂ ಇರ್ತೀರಿ. ರೆಸ್ಯೂಮೆಯಲ್ಲಿ ‘ಕುಟೂರ್’ ಅಂತ ಬರೆಯೋ ಬದಲು ಏನು ಮಾಡಿದ್ದೀರೋ ಅದನ್ನ ಬರೀರಿ. “ಡಮ್ಮಿ ಮೇಲೆ ಡ್ರೇಪ್ ಮಾಡಿ ಪ್ಯಾಟರ್ನ್ ತೆಗೀತೀನಿ”, “ಎರಡು ಟ್ರಯಲ್‌ನಲ್ಲಿ ಬ್ಲೌಸ್ ಫಿಟ್ ಮಾಡ್ತೀನಿ”, “ಆರಿ ವರ್ಕ್‌ಗೆ ಖಾಕೆ ಹಾಕ್ತೀನಿ, ವರ್ಕ್ ಬೇರೆಯವರದ್ದು”. ಕೋರಾ ಬಟ್ಟೆಯಲ್ಲಿ ಮಾಡಿದ ಮಾದರಿಯ ಫೋಟೋಗಳನ್ನೂ, ಸರಿ ಬಾರದೆ ಬಿಚ್ಚಿದ್ದನ್ನೂ ಪೋರ್ಟ್‌ಫೋಲಿಯೊದಲ್ಲಿ ಸೇರಿಸಿ. ಬೇರೆಯವರ ಕೈ ಇದ್ದಲ್ಲಿ ಅವರ ಹೆಸರು ಹಾಕಿ. ಇದರಿಂದ ನಿಮ್ಮ ಬೆಲೆ ಇಳಿಯಲ್ಲ. ಜನರ ಜೊತೆ ಕೆಲಸ ಮಾಡಿಸಬಲ್ಲೋರು ಅಂತ ಗೊತ್ತಾಗುತ್ತೆ. ಬೊಟಿಕ್ ಮಾಲೀಕರಿಗೆ ಬೇಕಾಗಿರೋದೂ ಅದೇ.

ಇನ್ನು ಮಾಲೀಕರಿಗೆ ಒಂದೇ ಮಾತು ಉಳೀತು. ಜಾಹೀರಾತು ಹಾಕೋ ಮುಂಚೆ ಒಂದು ಹಾಳೆ ತಗೊಂಡು ಎರಡು ಕಾಲಂ ಮಾಡಿ. ಎಡಗಡೆ, ನಿಮ್ಮ ಅಂಗಡಿಯಲ್ಲಿ ಈಗಾಗಲೇ ಇರೋ ಕೈಗಳು: ಕಟಿಂಗ್ ಯಾರಿಗೆ ಬರುತ್ತೆ, ಫಿಟಿಂಗ್ ಯಾರಿಗೆ, ವರ್ಕ್ ಯಾರಿಗೆ. ಬಲಗಡೆ, ಇಲ್ಲದೇ ಇರೋದು. ಜಾಹೀರಾತಿನಲ್ಲಿ ಬರೆಯಬೇಕಾಗಿರೋದು ಬಲಗಡೆಯ ಪಟ್ಟಿ ಮಾತ್ರ. ಎಡಗಡೆ ಪಟ್ಟಿ ಓದುವಾಗ ಮಾಸ್ಟರ್ ಸಂಬಳ ಕೊನೇ ಸಲ ಯಾವಾಗ ಏರಿಸಿದ್ದು ಅಂತಲೂ ಒಂದು ಸಲ ನೋಡಿಬಿಡಿ. ಹೊಸ ಡಿಸೈನರ್ ಬಂದ ತಿಂಗಳೇ ಹಳೆ ಮಾಸ್ಟರ್ ಹೋದ್ರೆ, ಎಂಥ ರೆಸ್ಯೂಮೆ ಬಂದಿದ್ರೂ ಬಟ್ಟೆ ಹೊಲಿಯೋರು ಇರಲ್ಲ.

ಈ ಸಂಚಿಕೆ ಉಪಯೋಗ ಆಯ್ತು ಅನ್ನಿಸಿದ್ರೆ, ಬೊಟಿಕ್ ನಡೆಸ್ತಿರೋ ನಿಮ್ಮ ಅಕ್ಕನಿಗೋ, ಅತ್ತಿಗೆಗೋ, ಗೆಳತಿಗೋ ಕಳಿಸಿ.